ಮುಚ್ಚಿದ ಬಾಗಿಲು ಸಂಯಮವೇ?

ದೇಶವೊಂದು ತನ್ನ ಬಾಗಿಲನ್ನು ತಾನೇ ಮುಚ್ಚಿಕೊಂಡರೆ ಅದನ್ನು ಸಂಯಮವೆನ್ನಬೇಕೋ, ಭಯವೆನ್ನಬೇಕೋ? 17ನೆಯ ಶತಮಾನದ ಜಪಾನಿನ ಇತಿಹಾಸವು ಈ ಪ್ರಶ್ನೆಯನ್ನು ಎತ್ತುತ್ತದೆ. ಪೋರ್ಚುಗೀಸ್, ಸ್ಪ್ಯಾನಿಷ್ ಮತ್ತು ಡಚ್ ಹಡಗುಗಳು ಹೊಸ ಮಾರುಕಟ್ಟೆಗಳನ್ನು ಅರಸುತ್ತ ಸಮುದ್ರಗಳನ್ನು ದಾಟುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ಜಪಾನಿನ ತೊಕುಗಾವ ಶೋಗುನರು 1633ರಿಂದ 1639ರವರೆಗೆ ಒಂದರ ಹಿಂದೊಂದು ಆಜ್ಞೆಗಳನ್ನು ಹೊರಡಿಸಿ ತಮ್ಮ ಜನರ ಸಮುದ್ರಯಾನವನ್ನು ನಿಲ್ಲಿಸಿದರು, ಪೋರ್ಚುಗೀಸರನ್ನು ಹೊರಹಾಕಿದರು.

ಅವರ ಆತಂಕಕ್ಕೆ ಆಧಾರವಿರಲಿಲ್ಲವೆಂದು ಹೇಳಲಾಗದು. 1510ರಲ್ಲಿ ಗೋವೆ, 1511ರಲ್ಲಿ ಮಲಾಕ್ಕಾ, 1571ರಲ್ಲಿ ಮನಿಲಾ, ಹೀಗೆ ವ್ಯಾಪಾರಕ್ಕೆ ಅನುಕೂಲವಾದ ರೇವುಗಳು ಒಂದೊಂದಾಗಿ ಬಂದವರ ಕೈವಶವಾಗಿದ್ದವು. ಮುಂದೆ 1853ರಲ್ಲಿ ಅಮೆರಿಕದ ಕಮೋಡೋರ್ ಪೆರಿ ನಾಲ್ಕು ಯುದ್ಧನೌಕೆಗಳೊಡನೆ ಬಂದು ಬಾಗಿಲು ತೆರೆಯಿರೆಂದು ಒತ್ತಾಯಿಸಿದಾಗ, ಅದನ್ನು ಮುಕ್ತ ವ್ಯಾಪಾರವೆಂದು ಕೊಂಡಾಡಿದವರಿದ್ದಾರೆ. ಕೊಡುವವನಿಗೂ ಕೊಳ್ಳುವವನಿಗೂ ಮನಸ್ಸಿದ್ದರಷ್ಟೇ ಅದು ವ್ಯಾಪಾರ. ಫಿರಂಗಿಯ ನೆರಳಿನಲ್ಲಿ ಕುದುರಿದ ಒಪ್ಪಂದಕ್ಕೆ ಬೇರೆ ಹೆಸರೇ ಇರಬೇಕು.

ಜಪಾನಿನ ಬಾಗಿಲು ಪೂರ್ತಿ ಮುಚ್ಚಿರಲೂ ಇಲ್ಲ. ನಾಗಸಾಕಿಯಲ್ಲಿ ಚೀನೀ ವರ್ತಕರು ಬಂದುಹೋಗುತ್ತಿದ್ದರು. ತ್ಸುಶಿಮಾ ದ್ವೀಪದ ಮೂಲಕ ಕೊರಿಯಾದೊಡನೆ ವ್ಯವಹಾರವಿತ್ತು. 1641ರಿಂದ ಡಚ್ಚರಿಗೆ ನಾಗಸಾಕಿ ಬಂದರಿನ ದೆಜಿಮಾ ಎಂಬ ಕೃತಕ ದ್ವೀಪವನ್ನು ಬಾಡಿಗೆಗೆ ಕೊಡಲಾಯಿತು. ಬೀಸಣಿಗೆಯಾಕಾರದ ಈ ನೆಲದ ಉದ್ದ ಸುಮಾರು 120 ಮೀಟರ್, ಅಗಲ 75 ಮೀಟರ್. ಅಲ್ಲಿಂದ ಹೊರಟ ಜಪಾನಿನ ತಾಮ್ರವು ಕೋರಮಂಡಲಕ್ಕೂ ಸೂರತ್ತಿಗೂ ಬರುತ್ತಿತ್ತು; ನಮ್ಮ ದೇಶದ ಅಚ್ಚಿನ ಬಟ್ಟೆ ಅಲ್ಲಿ 'ಸರಾಸಾ' ಎಂಬ ಹೆಸರಿನಿಂದ ಜನಪ್ರಿಯವಾಗಿತ್ತು. ಈ ನೀತಿಗೆ ಇಂದು ಸಲ್ಲುವ 'ಸಾಕೊಕು', ಅಂದರೆ ಬೀಗ ಹಾಕಿದ ದೇಶ, ಎಂಬ ಹೆಸರೂ ಆ ಕಾಲದ್ದಲ್ಲ. ದೆಜಿಮಾದಲ್ಲಿ ವೈದ್ಯನಾಗಿದ್ದ ಜರ್ಮನ್ ಪಂಡಿತ ಕೆಂಪ್ಫರನ ಬರಹವನ್ನು 1801ರಲ್ಲಿ ಜಪಾನೀ ಭಾಷೆಗೆ ತಂದ ಅನುವಾದಕನು ಆ ಪದವನ್ನು ಸೃಷ್ಟಿಸಿದನು.

ದೇಶದ ಬೆಳ್ಳಿ ಮತ್ತು ತಾಮ್ರ ಹೊರಗೆ ಹರಿದುಹೋಗುತ್ತಿರುವುದನ್ನು ಲೆಕ್ಕಹಾಕಿದ ಅರಾಯ್ ಹಕುಸೆಕಿ ಎಂಬ ವಿದ್ವಾಂಸನ ಸಲಹೆಯಂತೆ 1715ರಲ್ಲಿ ವರ್ಷಕ್ಕೆ 30 ಚೀನೀ ಹಡಗು, 2 ಡಚ್ ಹಡಗು ಎಂಬ ಮಿತಿ ಜಾರಿಗೆ ಬಂದಿತು. ಜಮಾ-ಖರ್ಚು ಬಲ್ಲ ಯಾವ ವರ್ತಕನೂ ಇದನ್ನು ತಪ್ಪೆನ್ನಲಾರ. ನೆಲದಿಂದ ಅಗೆದ ಲೋಹ ಮತ್ತೆ ಬೆಳೆಯುವುದಿಲ್ಲ. ಬಂದ ರೇಷ್ಮೆ ನಾಲ್ಕು ವರ್ಷಕ್ಕೆ ಹರಿಯುತ್ತದೆ. ಆಸೆಗೆ ತಾನೇ ಕಟ್ಟೆ ಕಟ್ಟಿಕೊಂಡ ಈ ಕ್ರಮವನ್ನು ನಿಸ್ಸಂದೇಹವಾಗಿ ಸಂಯಮವೆನ್ನಬಹುದು.

ಆದರೆ 1635ರ ಆಜ್ಞೆಯ ಸ್ವರೂಪವೇ ಬೇರೆ. ಜಪಾನೀಯರು ಹೊರದೇಶಕ್ಕೆ ಹೋಗಕೂಡದು; ಹೋಗಿ ನೆಲೆಸಿದವನು ಮರಳಿದರೆ ಮರಣದಂಡನೆ. ಸಯಾಮಿನ ಅಯುತ್ತಯ, ವಿಯೆಟ್ನಾಮಿನ ಹೋಯಿ ಆನ್ ಮುಂತಾದೆಡೆ ಕೇರಿ ಕಟ್ಟಿಕೊಂಡಿದ್ದ ಜಪಾನೀ ವರ್ತಕರು ಇದರಿಂದ ಪರದೇಶದಲ್ಲಿಯೇ ಉಳಿಯಬೇಕಾಯಿತು. 1639ರಲ್ಲಿ ಯುರೋಪಿಯನ್ನರಿಗೆ ಹುಟ್ಟಿದ ಮಕ್ಕಳನ್ನೂ ಅವರ ತಾಯಂದಿರನ್ನೂ ಇಂದಿನ ಜಕಾರ್ತಾ ಆದ ಬಟಾವಿಯಾಕ್ಕೆ ಸಾಗಿಸಲಾಯಿತು. ಮರುವರ್ಷ ವ್ಯಾಪಾರವನ್ನು ಮರಳಿ ಬೇಡಲು ಮಕಾವಿನಿಂದ ಬಂದ ಪೋರ್ಚುಗೀಸ್ ನಿಯೋಗದ 61 ಜನರ ಶಿರಚ್ಛೇದವಾಯಿತು. ಸುದ್ದಿ ಮುಟ್ಟಿಸಲೆಂದು 13 ಜನರನ್ನು ಬಿಟ್ಟರು.

ಶ್ರಾವಕನ ದಿಗ್ವ್ರತವನ್ನು ಬಲ್ಲವರಿಗೆ ಇಲ್ಲಿನ ಭೇದ ಕೂಡಲೇ ಹೊಳೆಯುತ್ತದೆ. ಹತ್ತು ದಿಕ್ಕುಗಳಲ್ಲಿಯೂ ಇಷ್ಟು ದೂರಕ್ಕಿಂತ ಆಚೆ ಹೋಗೆನೆಂದು ಗೃಹಸ್ಥನು ಗೆರೆ ಎಳೆಯುವುದು ತನ್ನ ಕಾಲಿಗೆ. ಆ ಗೆರೆಯ ಆಚೆಗಿನ ಜೀವಗಳಿಗೆ ತನ್ನಿಂದ ಹಿಂಸೆಯಾಗದಿರಲಿ ಎಂಬುದು ಅದರ ಆಶಯ. ಶೋಗುನರು ಗೆರೆ ಎಳೆದದ್ದು ಪ್ರಜೆಗಳ ಕಾಲಿಗೆ; ದಾಟಿದವರಿಗೆ ಕಾದಿದ್ದುದು ಕತ್ತಿ.

ಹಾಗೆಂದು ಒಳಗೆ ಉಳಿಯುವ ಅವಕಾಶ ಪಡೆದ ಡಚ್ ವರ್ತಕರು ನಿರ್ದೋಷಿಗಳೇ? 1637ರಲ್ಲಿ ತೆರಿಗೆಯ ಭಾರದಿಂದಲೂ ಮತೀಯ ಹಿಂಸೆಯಿಂದಲೂ ಬೇಸತ್ತ ಶಿಮಾಬಾರಾದ ರೈತರು ದಂಗೆಯೆದ್ದರು. ಅವರಲ್ಲಿ ಬಹುಮಂದಿ ಕ್ರೈಸ್ತರು. ಅವರು ಸೇರಿಕೊಂಡಿದ್ದ ಹಾರಾ ಕೋಟೆಯ ಮೇಲೆ 1638ರಲ್ಲಿ ಸರಕಾರದ ಕೋರಿಕೆಯಂತೆ ಡಚ್ ಹಡಗೊಂದು ಗುಂಡು ಹಾರಿಸಿತು. ಕ್ರಿಸ್ತನನ್ನೇ ನಂಬಿದ ಜನರ ಮೇಲೆ ಕ್ರೈಸ್ತರೇ ಹಾರಿಸಿದ ಗುಂಡುಗಳವು. ಅವರು ಆ ಕೋರಿಕೆಗೆ ಮಣಿದದ್ದು ವ್ಯಾಪಾರದ ಹಕ್ಕು ಕೈತಪ್ಪಬಾರದೆಂದು. ಲಾಭಕ್ಕಾಗಿ ಸರಕಿನ ತೂಕದಲ್ಲಿ ಮೋಸಮಾಡುವುದು ಎಲ್ಲರೂ ಬಲ್ಲ ಪಾಪ. ಲಾಭ ಉಳಿಸಿಕೊಳ್ಳಲು ಪರರ ಹಿಂಸೆಗೆ ಕೈಜೋಡಿಸುವುದನ್ನು ಮಾತ್ರ ಜಾಣತನವೆಂದು ಲೆಕ್ಕದ ಪುಸ್ತಕದಲ್ಲಿ ಬರೆಯಲಾಗುತ್ತದೆ.

ಕಾನೂನಿನ ಕಾಠಿಣ್ಯವು ಕಾಲಾಂತರದಲ್ಲಿ ಸಡಿಲವಾಯಿತಾದರೂ ಅದರ ಭಾರವನ್ನು ಹೊತ್ತವರು ಸಾಮಾನ್ಯರೇ. ದೈಕೊಕುಯ ಕೊದಾಯು ಎಂಬಾತನು ಇಸೆ ಪ್ರಾಂತದ ಒಂದು ಸರಕುಹಡಗಿನ ನಾಯಕ. 1782ರ ಕೊನೆಯಲ್ಲಿ ಅಕ್ಕಿ ಹೇರಿಕೊಂಡು ಎದೋ ನಗರಕ್ಕೆ ಹೊರಟ ಆ ಹಡಗು ಬಿರುಗಾಳಿಗೆ ಸಿಕ್ಕಿ, ತಿಂಗಳುಗಟ್ಟಲೆ ತೇಲಿ, ಅಲೂಷಿಯನ್ ದ್ವೀಪಗಳಲ್ಲೊಂದನ್ನು ಸೇರಿತು. ಹೊರಟಾಗ ಇದ್ದವರು 17 ಜನ. ಹಸಿವಿಗೂ ಚಳಿಗೂ ಒಬ್ಬೊಬ್ಬರಾಗಿ ಬಲಿಯಾದರು. ಕೊದಾಯು ಸೈಬೀರಿಯಾವನ್ನು ಹಾಯ್ದು, 1791ರಲ್ಲಿ ರಷ್ಯದ ಸಾಮ್ರಾಜ್ಞಿ ಕ್ಯಾಥರೀನಳನ್ನು ಕಂಡು, ಊರಿಗೆ ಮರಳಲು ಅನುಮತಿ ಬೇಡಿದನು. 1792ರಲ್ಲಿ ರಷ್ಯದ ಹಡಗಿನಲ್ಲಿ ಮೂವರು ಜಪಾನಿನ ಉತ್ತರ ತೀರಕ್ಕೆ ಬಂದಿಳಿದರು. ಅವರಲ್ಲೊಬ್ಬನು ಅಲ್ಲಿಯೇ ತೀರಿಕೊಂಡನು.

ಗಾಳಿ ಒಯ್ದವನ ಮೇಲೆ ಯಾವ ಅಪರಾಧವನ್ನು ಹೊರಿಸುವುದು? ಅಧಿಕಾರಿಗಳು ಅವನನ್ನು ಕೊಲ್ಲಲಿಲ್ಲ. ಅವನು ಕಂಡದ್ದನ್ನೆಲ್ಲ ಕೇಳಿ ಬರೆಸಿಕೊಂಡರು, ಎದೋ ನಗರದ ಔಷಧಿವನದಲ್ಲಿ ಮನೆ ಕೊಟ್ಟರು, ಕಣ್ಗಾವಲಿನಲ್ಲಿ ಇರಿಸಿದರು. ಹುಟ್ಟೂರಿನ ನೆಲವನ್ನು ಕಾಣಲು ಅವನಿಗೆ ಅನುಮತಿ ದೊರೆತದ್ದು 1802ರಲ್ಲಿ, ಸ್ವಲ್ಪ ಕಾಲದ ಮಟ್ಟಿಗೆ. ಅದಾದ ಮೇಲೆ ಅವನು ಮತ್ತೆ ಔಷಧಿವನಕ್ಕೆ ಹಿಂದಿರುಗಿ, 1828ರಲ್ಲಿ ಎದೋ ನಗರದಲ್ಲಿಯೇ ಕಣ್ಮುಚ್ಚಿದನು. ಜಪಾನೀಯರು ಹೊರದೇಶಕ್ಕೆ ಹೋಗಿಬರಬಹುದೆಂಬ ಆಜ್ಞೆ ಹೊರಬಿದ್ದದ್ದು 1866ರಲ್ಲಿ.