ಗಾಯದ ವಾಸನೆ ಯಾರಿಗೆ ಮುಟ್ಟುತ್ತದೆ?

ಬೇಸಿಗೆ ಬಲಿತರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕೆಲವು ತೆಂಗಿನ ತೋಟಗಳು ಬೆಂಕಿ ತಗುಲಿದಂತೆ ಕಾಣತೊಡಗುತ್ತವೆ. ಕಪ್ಪುತಲೆ ಹುಳು ಗರಿಯ ಅಡಿಭಾಗದಲ್ಲಿ ಕೂತು ಹಸಿರನ್ನು ಕೆರೆದು ತಿನ್ನುತ್ತದೆ. ತನ್ನದೇ ಹಿಕ್ಕೆ, ನೂಲು ಸೇರಿಸಿ ಗೂಡು ಕಟ್ಟಿ ಒಳಗೆ ಅಡಗುತ್ತದೆ. ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಗರಿ ಒಣಗಿರುತ್ತದೆ. ಆದರೆ ಇರುವೆಯಷ್ಟೇ ಇರುವ ಗೋನಿಯೋಜಸ್ ಎಂಬ ಕಪ್ಪು ಕಣಜಕ್ಕೆ ಸುದ್ದಿ ಗಾಳಿಯಲ್ಲೇ ಮುಟ್ಟುತ್ತದೆ. ಹುಳು ತಿಂದ ಗರಿಯ, ಹಿಕ್ಕೆಯ ವಾಸನೆ ಹಿಡಿದು ಗೂಡು ಹುಡುಕುತ್ತದೆ, ಹುಳುವನ್ನು ಕುಟುಕಿ ಮಿಸುಕದಂತೆ ಮಾಡುತ್ತದೆ, ಅದರ ಮೈಮೇಲೇ ಮೊಟ್ಟೆಯಿಡುತ್ತದೆ. ಮರಿಗಳಿಗೆ ಆ ಹುಳುವೇ ಊಟ.

ಇಂಥ ಸುದ್ದಿ ಪಕ್ಕದ ಗಿಡಗಳಿಗೂ ಮುಟ್ಟುತ್ತದೆಯೇ? 1983ರಲ್ಲಿ ಅಮೆರಿಕದ ಇಯಾನ್ ಬಾಲ್ಡ್‌ವಿನ್ ಮತ್ತು ಜ್ಯಾಕ್ ಶುಲ್ಟ್ಸ್ ಒಂದು ಪ್ರಯೋಗ ಪ್ರಕಟಿಸಿದರು. ಎಲೆ ಹರಿಸಿಕೊಂಡ ಗಿಡದ ಜೊತೆ ಒಂದೇ ಗಾಳಿಯಲ್ಲಿದ್ದ ಪಕ್ಕದ ಗಿಡಗಳೂ ಎಲೆಯಲ್ಲಿ ರಕ್ಷಣೆಯ ರಾಸಾಯನಿಕ ಹೆಚ್ಚಿಸಿಕೊಂಡಿದ್ದವು. ಮರಗಳು ಮಾತಾಡುತ್ತವೆಯೇ ಎಂಬ ವಾದ ಆಗಿನಿಂದ ನಡೆದೇ ಇದೆ. ಮರ ಬೇಕೆಂದೇ ಕೂಗಿತೋ ಇಲ್ಲವೋ, ಅದಕ್ಕಿಂತ ಆ ವಾಸನೆ ಯಾರ ಯಾರ ಪಾಲಾಗುತ್ತದೆ ಎಂಬುದೇ ತೋಟದವನಿಗೆ ದೊಡ್ಡದು ಎನ್ನುತ್ತೇನೆ ನಾನು.

ಏಕೆಂದರೆ ವಾಸನೆ ಶತ್ರುವಿಗೂ ಮುಟ್ಟುತ್ತದೆ. ಮದುವೆ ಚಪ್ಪರಕ್ಕೆಂದು ಹಸಿ ಗರಿಯನ್ನು ಬುಡಕ್ಕೇ ಕಡಿದಾಗ ಆ ಗಾಯದಿಂದ ಏಳುವ ವಾಸನೆ ಕೆಂಪುಮೂತಿ ಹುಳುವನ್ನು ಕರೆಯುತ್ತದೆ. ಗಂಡು ಹುಳು ತಾನೂ ಒಂದು ವಾಸನೆ ಬಿಟ್ಟು ಗಂಡು, ಹೆಣ್ಣು ಎನ್ನದೆ ತನ್ನ ಬಳಗವನ್ನೆಲ್ಲ ಕೂಡಿಸುತ್ತದೆ. ಗಾಯದಲ್ಲಿಟ್ಟ ಮೊಟ್ಟೆಯಿಂದ ಬಂದ ಮರಿಗಳು ಮರದೊಳಗೆ ಕೊರೆಯುತ್ತಾ ಹೋಗುತ್ತವೆ. ಸುಳಿ ಬಾಗಿದ್ದು ನಾವು ನೋಡುವ ಹೊತ್ತಿಗೆ ಮರ ಉಳಿಯುವುದು ಕಷ್ಟ. ಮಚ್ಚಿನ ಒಂದು ಏಟೂ ಈ ಸುದ್ದಿಯ ಸಾಲಿಗೆ ಸೇರಿಬಿಡುತ್ತದೆ. ನಾವು ಹೊರಗೆ ನಿಂತು ನೋಡುವವರಲ್ಲ.

ಹಾಗೆಂದು ಕೆಟ್ಟದ್ದನ್ನಷ್ಟೇ ಮಾಡಿದವರೂ ಅಲ್ಲ. ಕೆಂಪುಮೂತಿ ಹುಳುವನ್ನು ಹಿಡಿಯಲು ಇಡುವ ಮೋಹಕ ಬಲೆಯ ಬಕೆಟ್ಟಿನಲ್ಲಿ ತೂಗುಹಾಕುವುದು ಅದೇ ಗಂಡು ಹುಳುವಿನ ವಾಸನೆಯನ್ನು. 1990ರ ದಶಕದಲ್ಲಿ ಅದನ್ನು ಗುರುತಿಸಿ ಪ್ರಯೋಗಾಲಯದಲ್ಲಿ ತಯಾರಿಸಲು ಕಲಿತರು. ಅದೊಂದೇ ಸಾಲದು, ಬಕೆಟ್ಟಿನ ನೀರಿನಲ್ಲಿ ಹುಳಿತ ಕಬ್ಬೋ ಬಾಳೆಹಣ್ಣೋ ಇರಬೇಕು: ಹುಳುವಿನ ವಾಸನೆಗೆ ಗಿಡದ ವಾಸನೆಯೂ ಕೂಡಿದರೆ ಹುಳುಗಳು ಹೆಚ್ಚು ಬೀಳುತ್ತವೆ. ಎಳೆ ಸಸಿಗಳ ನಡುವೆ ಮಾತ್ರ ಈ ಬಲೆ ಇಡಬಾರದು, ಕರೆದ ಹುಳು ಅವಕ್ಕೇ ಹತ್ತೀತು. ಪ್ರಯೋಗಾಲಯದಲ್ಲಿ ಸಾಕಿದ ಗೋನಿಯೋಜಸ್ ಕಣಜಗಳಿಗೆ ತೋಟಕ್ಕೆ ಬಿಡುವ ಮೊದಲು ಕಪ್ಪುತಲೆ ಹುಳುವಿನ ಗೂಡಿನ ವಾಸನೆ ತೋರಿಸುವ ಪದ್ಧತಿಯೂ ಇದೆ. ಹುಟ್ಟಿದಾಗಿನಿಂದ ಡಬ್ಬಿಯಲ್ಲೇ ಬೆಳೆದದ್ದಕ್ಕೆ ಬೇಟೆಯ ಗುರುತು ಹೇಳಿಕೊಟ್ಟಂತೆ. ಮನುಷ್ಯ ಮಾಡಿದ ಅತಿ ಸೂಕ್ಷ್ಮ ಕೆಲಸಗಳಲ್ಲಿ ಇದೊಂದು ಎಂದು ನನ್ನ ನಂಬಿಕೆ. ಸಿಕ್ಕಾಪಟ್ಟೆ ವಿಷ ಸಿಂಪಡಿಸಿದರೆ ಅಷ್ಟೂ ವ್ಯರ್ಥ. ವಾಸನೆ ಗಾಳಿಯಲ್ಲಿ ಹೋಗುತ್ತಲೇ ಇರುತ್ತದೆ, ಬರಬೇಕಾದ ಕಣಜ ಸತ್ತಿರುತ್ತದೆ.

ಆದ್ದರಿಂದ ತೋಟ ಇರುವವರಲ್ಲಿ ಕೇಳಿಕೊಳ್ಳುವುದಿಷ್ಟು: ಹಸಿ ಗರಿ ಕಡಿಯಬೇಡಿ. ಕಡಿಯಲೇಬೇಕಾದರೆ ಕಾಂಡದಿಂದ ನಾಲ್ಕು ಅಡಿಯಷ್ಟು ಮಟ್ಟೆ ಬಿಟ್ಟು ಕಡಿಯಿರಿ. ಗರಿ ಸುಟ್ಟಂತೆ ಕಂಡರೆ ಔಷಧಿ ಅಂಗಡಿಗಿಂತ ಮೊದಲು ತೋಟಗಾರಿಕೆ ಇಲಾಖೆಯಲ್ಲೋ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕಣಜದ ವಿಚಾರ ಕೇಳಿ.