ಬಡವರ ಹೆಸರಲ್ಲಿ ಪಡೆದ ವಾಯಿದೆ

ಒಬ್ಬ ಸಾಲಗಾರ ಪಕ್ಕದ ಮನೆಯ ಹಸಿದ ಮಕ್ಕಳನ್ನು ತೋರಿಸಿ ಸಾಹುಕಾರನಿಂದ ವಾಯಿದೆ ಪಡೆದ ಅಂತಿಟ್ಟುಕೊಳ್ಳಿ. ವಾಯಿದೆ ಸಿಕ್ಕಿತು, ಮಕ್ಕಳಿಗೆ ಅನ್ನ ಸಿಗಲಿಲ್ಲ. ಆಗ ಆ ಸಾಲಗಾರ ಸಾಹುಕಾರನಿಗೆ ಮಾತ್ರ ಋಣಿಯೋ, ಆ ಮಕ್ಕಳಿಗೂ ಋಣಿಯೋ? ಫ್ರಿಜ್ಜು, ಏಸಿಗಳ ಒಳಗೆ ಸುತ್ತುವ ಗ್ಯಾಸಿನ ವಿಚಾರದಲ್ಲಿ ನಾವು ಈ ಪ್ರಶ್ನೆ ಎತ್ತಬೇಕಾಗಿದೆ. ಹಟ್ಟಿ ಕೇರಿಯ ಮಾತು ಬಿಟ್ಟು ಏಸಿ ಮಾತಿಗೆ ಬಂದರಲ್ಲ ಇವರು ಅಂತ ಗೆಳೆಯರು ನಗಬೇಕಾಗಿಲ್ಲ. ಏಸಿ ಇದ್ದವರಿಗಿಂತ ಇಲ್ಲದವರಿಗೇ ಹೆಚ್ಚು ಸಂಬಂಧಪಟ್ಟ ಮಾತಿದು.

ಏಸಿ ಬಿಸಿಯನ್ನು ಕೊಲ್ಲೋದಿಲ್ಲ. ಕೋಣೆಯೊಳಗಿನ ಕಾವನ್ನು ಹೀರಿ ಗೋಡೆಯಾಚೆಗೆ ಚೆಲ್ಲುತ್ತದೆ, ಅಷ್ಟೆ. ಆ ಕಾವಿನ ಹೊರೆ ಹೊರುವ ಆಳೇ ಗ್ಯಾಸು. ಒಳಗನ್ನು ತಂಪಾಗಿ, ಮಡಿಯಾಗಿ ಇಟ್ಟುಕೊಳ್ಳೋಕೆ ಬೇಡದ್ದನ್ನೆಲ್ಲ ಹೊರಗೆ ನೂಕುವ ವಿದ್ಯೆ ಈ ದೇಶಕ್ಕೆ ಹೊಸದಲ್ಲ. ಯಾರನ್ನು ಊರ ಹೊರಗೆ ಇಟ್ಟರೋ ಅವರಿಗೆ ‘ಹೊರಗೆ’ ಅನ್ನೋ ಮಾತಿನ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ.

ಗ್ಯಾಸಿನ ಚರಿತ್ರೆ ಚಿಕ್ಕದು. 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಸಿಎಫ್‌ಸಿ ಗ್ಯಾಸುಗಳು ಆಕಾಶದ ಓಝೋನ್ ಪದರವನ್ನು ತಿಂದುಹಾಕುತ್ತವೆ ಎಂದು ಮೊಲೀನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಆ ಪದರ ತೆಳುವಾಗಿರುವುದು ವರದಿಯಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಸಿಎಫ್‌ಸಿ ಹೋದ ಮೇಲೆ ಬಂದ ಎಚ್‌ಎಫ್‌ಸಿ ಗ್ಯಾಸುಗಳು ಓಝೋನಿಗೆ ತೊಂದರೆ ಕೊಡೋದಿಲ್ಲ, ಆದರೆ ಭೂಮಿಯನ್ನು ಕಾಯಿಸುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಫ್ರಿಜ್ಜಿನ ಆರ್-134ಎ ಒಂದು ಕೆಜಿ ಸೋರಿದರೆ ಸುಮಾರು 1,400 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಏಸಿಯ ಆರ್-410ಎ ಆದರೆ 2,000 ಕೆಜಿಗೂ ಮೇಲೆ. ಇವನ್ನು ಹಂತಹಂತವಾಗಿ ಇಳಿಸಬೇಕೆಂದು 2016ರ ಅಕ್ಟೋಬರಿನಲ್ಲಿ ರುವಾಂಡಾದ ಕಿಗಾಲಿಯಲ್ಲಿ ತೀರ್ಮಾನವಾಯಿತು. ಅದು ಪೂರ್ತಿ ಜಾರಿಯಾದರೆ ಈ ಶತಮಾನದ ಕೊನೆಗೆ ಭೂಮಿಯ ಕಾವು ಅರ್ಧ ಡಿಗ್ರಿಯವರೆಗೆ ಏರುವುದು ತಪ್ಪುತ್ತದೆ ಎಂದು ಅಂದಾಜು.

ಈ ಎರಡೂ ಸಲ ಭಾರತ ಸರ್ಕಾರ ಬಡವರ ಹೆಸರಲ್ಲಿ ವಾದ ಮಾಡಿದೆ. 1990ರ ಲಂಡನ್ ಸಭೆಯಲ್ಲಿ ಆಗಿನ ಪರಿಸರ ಮಂತ್ರಿ ಮೇನಕಾ ಗಾಂಧಿ, ಹಣ ಮತ್ತು ತಂತ್ರಜ್ಞಾನ ಕೊಡದೆ ಬಡ ದೇಶಗಳ ಸಹಿ ಕೇಳಬೇಡಿ ಅಂದರು. ಅದೇ ಸಭೆಯಲ್ಲಿ ಬಡ ದೇಶಗಳಿಗೆ ನೆರವಿನ ನಿಧಿ ಒಪ್ಪಿಗೆಯಾಯಿತು. 1992ರಲ್ಲಿ ಭಾರತ ಒಪ್ಪಂದಕ್ಕೆ ಸೇರಿತು. ಕಿಗಾಲಿಗೆ ಹೋಗುವಾಗ ಭಾರತ ತನ್ನ ಬಳಕೆಗೆ 2031ರಲ್ಲಿ ಮಿತಿ ಹಾಕಿ ಅಂತ ಕೇಳಿತ್ತು, 2028 ಸಿಕ್ಕಿತು. ಆಮೇಲೆ ಮೆಲ್ಲಗೆ ಇಳಿಸುತ್ತಾ 2047ಕ್ಕೆ ಶೇಕಡಾ 85 ಕಡಿಮೆ ಮಾಡಬೇಕು. ಶ್ರೀಮಂತ ದೇಶಗಳು 2019ರಿಂದಲೇ ಇಳಿಸೋಕೆ ಶುರು ಮಾಡಬೇಕಿತ್ತು.

ವಾಯಿದೆ ಕೇಳಿದ್ದು ನ್ಯಾಯವೇ. ಗ್ಯಾಸು ಕಂಡುಹಿಡಿದವರು, ಮಾರಿ ಲಾಭ ಮಾಡಿದವರು, ಅರ್ಧ ಶತಮಾನ ತಂಪಾಗಿ ಕೂತವರು ಬೇರೆ. ಊಟ ಮುಗಿಸಿ ಕೈತೊಳೆದವನು ಈಗತಾನೆ ಎಲೆ ಹಾಕಿಕೊಂಡವನಿಗೆ ಉಪವಾಸದ ಪಾಠ ಹೇಳೋದು ನಾಚಿಕೆಗೇಡು. ಸಮಾನರಲ್ಲದವರ ಮೇಲೆ ಸಮಾನ ನಿಯಮ ಹೇರಿದರೆ ಅದು ಅಸಮಾನತೆಯೇ ಅನ್ನೋದನ್ನು ಬಾಬಾಸಾಹೇಬರ ದಾರಿಯಲ್ಲಿ ನಡೆದವರು ಮರೆಯಲಾರರು.

ಆದರೆ ಕಿಗಾಲಿಯಲ್ಲಿ ಭಾರತ ಕೂತ ಪಂಕ್ತಿ ನೋಡಿ. ಅತಿ ಹೆಚ್ಚು ವಾಯಿದೆ ಪಡೆದ ಆ ಗುಂಪಿನಲ್ಲಿ ಪಾಕಿಸ್ತಾನ, ಇರಾನಿನ ಜೊತೆಗೆ ಸೌದಿ ಅರೇಬಿಯ, ಕುವೈತ್‌ಗಳೂ ಇದ್ದವು. ಬೇಗ ನಿಲ್ಲಿಸಿ ಅಂತ ಕೂಗಿದವರು ಯಾರು? ಸಮುದ್ರ ಏರಿದರೆ ಮುಳುಗುವ ಪುಟ್ಟ ದ್ವೀಪಗಳವರು, ಆಫ್ರಿಕಾದ ಬಡ ದೇಶಗಳವರು. ಅವರ ಮುಂದೆ ನಮ್ಮ ಸರ್ಕಾರ ನಮ್ಮನ್ನು ತೋರಿಸಿ ಕಾಲ ಕೇಳಿತು. ನಮ್ಮ ‘ಹೊರಗೆ’ಯಂತೆ ಅವರೂ ಯಾರದೋ ತಂಪಿನ ಹೊರಗೆ ಬದುಕಿದವರು. ಅಂಥವರ ಕಾಲವನ್ನು ತಿಂದು ಪಡೆದ ವಾಯಿದೆಗೆ ಬೆಲೆ ಬಹಳ.

ಆ ಬೆಲೆಗೆ ತಕ್ಕದ್ದು ನಮಗೆ ಬಂತೇ? ಸರ್ಕಾರವೇ 2019ರ ಮಾರ್ಚಿನಲ್ಲಿ ಹೊರಡಿಸಿದ ಭಾರತ ತಂಪು ಕ್ರಿಯಾ ಯೋಜನೆ ಹೇಳೋ ಪ್ರಕಾರ ಆಗ ದೇಶದ ನೂರು ಮನೆಗಳಲ್ಲಿ ಏಸಿ ಇದ್ದದ್ದು ಸುಮಾರು ಎಂಟರಲ್ಲಿ. ತಂಪಿಗಾಗಿ ತಲೆಗೆ ವರ್ಷಕ್ಕೆ ನಾವು ಆಗ ಖರ್ಚು ಮಾಡುತ್ತಿದ್ದ ಶಕ್ತಿ 69 ಯೂನಿಟ್, ಜಗತ್ತಿನ ಸರಾಸರಿ 272. ದೆಹಲಿಯವರು ಈ ಕಡಿಮೆ ಅಂಕಿಯನ್ನು ಹೊರಗೆ ಹೋಗಿ ನಮ್ಮ ಪುಣ್ಯವೆಂಬಂತೆ ತೋರಿಸುತ್ತಾರೆ. ಅದು ಪುಣ್ಯವಲ್ಲ ಸ್ವಾಮಿ, ಇಲ್ಲದಿರುವಿಕೆ. ನೂರರಲ್ಲಿ ತೊಂಬತ್ತೆರಡು ಮನೆಯವರು ಬೆವರಿದ್ದರಿಂದ ಉಳಿದ ಲೆಕ್ಕ ಅದು.

ಇನ್ನು ಜೋಗುಪಾಳ್ಯಕ್ಕೆ ಬನ್ನಿ. ಒಂದು ಕಡೆ ಹಲಸೂರು, ಇನ್ನೊಂದು ಕಡೆ ಇಂದಿರಾನಗರ. ಇಂದಿರಾನಗರದ ಗಾಜಿನ ಅಂಗಡಿಗಳು, ಹೋಟೆಲುಗಳು ಒಳಗೆ ತಂಪು ಮಾಡಿಕೊಂಡು ಬೀದಿಗೆ ಬಿಸಿ ಉಗುಳುತ್ತವೆ. ಪಾಳ್ಯದ ಗಲ್ಲಿಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆ, ಮೇಲೆ ಶೀಟು, ಒಂದೇ ಫ್ಯಾನು. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಕಾವು 39.2 ಡಿಗ್ರಿ ಮುಟ್ಟಿತು. ಕಿಗಾಲಿಯ ಮಾತುಕತೆ ನಡೆದದ್ದೂ ಅದೇ ವರ್ಷ. ಶೀಟಿನ ಕೆಳಗೆ ಬಾಣಂತಿ, ಮುದುಕರು, ರಾತ್ರಿಪಾಳಿ ಮುಗಿಸಿ ಹಗಲು ಮಲಗುವವರು ಆ ಬಿಸಿಲನ್ನು ಹೇಗೆ ಕಳೆದರು ಅಂತ ಯಾವ ಸಭೆಯೂ ಕೇಳಲಿಲ್ಲ.

ಪಾಳ್ಯಕ್ಕೂ ಫ್ರಿಜ್ಜು ಬರುತ್ತದೆ, ಆದರೆ ಮೇಲಿನಿಂದ ಇಳಿದು ಬರುತ್ತದೆ. ದೊಡ್ಡ ಮನೆಯವರು ಹೊಸದು ತಂದಾಗ ಹಳೇದು ಶಿವಾಜಿನಗರದ ಗುಜರಿಗೋ ಕೆಲಸದವಳ ಮನೆಗೋ ಬರುತ್ತದೆ. ಅದರ ಹೊಟ್ಟೆಯಲ್ಲಿ ಹಳೇ ಗ್ಯಾಸು. ಹೂವು ಕಟ್ಟುವವಳು ಸಂಜೆಯ ಮಲ್ಲಿಗೆ ಬಾಡದಂತೆ ಇಡೋದು ಅದರಲ್ಲೇ, ಸಕ್ಕರೆ ಕಾಯಿಲೆಯ ಅಪ್ಪನ ಇನ್ಸುಲಿನ್ ಇಡೋದೂ ಅದರಲ್ಲೇ. ಗಡುವು ಬಂದು ಹಳೇ ಗ್ಯಾಸು ಅಪರೂಪವಾದರೆ ದರದ ಏಟು ಬೀಳೋದು ಯಾರ ಮೇಲೆ? ಜಾತಿಯಂತೆ ಯಂತ್ರಗಳಿಗೂ ಇಲ್ಲಿ ಮೆಟ್ಟಿಲುಗಳಿವೆ. ಎಲ್ಲರೂ ಬಳಸಿ ಬಿಟ್ಟದ್ದು ಕೊನೇ ಮೆಟ್ಟಿಲಿಗೆ ಬರುತ್ತದೆ, ದಂಡವೂ ಅಲ್ಲೇ ವಸೂಲಾಗುತ್ತದೆ.

ಮೆಕ್ಯಾನಿಕ್ ಹುಡುಗರ ಮಾತು ಇನ್ನೂ ಒಂದಿದೆ. ಎಸ್ಸೆಸ್ಸೆಲ್ಸಿ ಫೇಲಾದವನು ಯಾರದೋ ಕೈಕೆಳಗೆ ಸ್ಪ್ಯಾನರ್ ಹಿಡಿದು ಕಲಿತ ಕೆಲಸ ಅದು. ಮೂರನೇ ಮಹಡಿಯ ಗೋಡೆಗೆ ಜೋತುಬಿದ್ದು ಔಟ್‌ಡೋರ್ ಬಿಚ್ಚುತ್ತಾನೆ, ಸೊಂಟಕ್ಕೆ ಹಗ್ಗವಿಲ್ಲ. ಹಳೇ ಗ್ಯಾಸನ್ನು ಗಾಳಿಗೆ ಬಿಡುತ್ತಾನೆ. ಹಿಡಿದಿಡುವ ಯಂತ್ರ ಅವನ ಹತ್ತಿರ ಇಲ್ಲ. ಹೊಸ ಗ್ಯಾಸುಗಳಲ್ಲಿ ಆರ್-32 ಸ್ವಲ್ಪ ಮಟ್ಟಿಗೆ ಉರಿಯುವಂಥದು. ಭೂಮಿಗೆ ಬಹಳ ಕಡಿಮೆ ಕೇಡು ಮಾಡುವ ಆರ್-290 ಅಂದರೆ ಪ್ರೊಪೇನ್, ಅಡುಗೆ ಗ್ಯಾಸಿನ ಸಂಬಂಧಿ. ಸೋರಿದ ಜಾಗದಲ್ಲಿ ಬೆಸುಗೆಯ ಬೆಂಕಿ ಹಿಡಿದರೆ ಸುಡೋದು ಇವನ ಮುಖ. ಒಂದು ಲಕ್ಷ ಜನ ಮೆಕ್ಯಾನಿಕ್ಕುಗಳಿಗೆ 2022-23ರ ಒಳಗೆ ತರಬೇತಿ ಕೊಡುವ ಗುರಿ ಅದೇ 2019ರ ಯೋಜನೆಯಲ್ಲಿತ್ತು. ತರಬೇತಿಯ ಕಾಗದ ಒಂದಿದ್ದರೆ ಸಾಲದು. ಆ ಎರಡು ದಿನದ ಕೂಲಿ ಯಾರು ಕೊಡುತ್ತಾರೆ? ಪಂಪು, ಗೇಜು, ಸೋರಿಕೆ ಹಿಡಿಯುವ ಯಂತ್ರ ಯಾರು ಕೊಡಿಸುತ್ತಾರೆ?

ಇಷ್ಟು ಹೇಳಿದ ಮೇಲೆ ಕೆಲವರು, ಹಾಗಾದರೆ ಈ ನಿಷೇಧವೇ ಬೇಡ, ಇದೆಲ್ಲ ಪೇಟೆಂಟ್ ಹಿಡಿದ ವಿದೇಶಿ ಕಂಪನಿಗಳ ಹೂಟ ಅಂತಾರೆ. ಕಂಪನಿಗಳಿಗೆ ಲಾಭ ಇದೆ, ನಿಜ. ಆದರೆ ವೈದ್ಯ ಫೀಸು ಕೇಳಿದ ಅಂತ ಕಾಯಿಲೆ ಸುಳ್ಳಾಗೋದಿಲ್ಲ. ಭೂಮಿ ಕಾದರೆ ಮೊದಲು ಬೇಯೋದು ಗದ್ದೆಯಲ್ಲಿ ಬಗ್ಗಿದ ಬೆನ್ನು, ರಸ್ತೆಗೆ ಟಾರು ಸುರಿಯುವ ಕೈ, ಶೀಟಿನ ಕೆಳಗಿನ ಕೂಸು. ಆದ್ದರಿಂದ ಗ್ಯಾಸು ಇಳಿಯಲೇಬೇಕು ಅನ್ನುವವರಲ್ಲಿ ನಾವು ಮೊದಲಿಗರು.

ಹಿಂದೆ ಬಿ. ಬಸವಲಿಂಗಪ್ಪನವರು ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆ ನಿಷೇಧ ಮನುಷ್ಯರನ್ನು ಮನುಷ್ಯರೆಂದು ಕರೆಯಿತು. ಆದರೆ ಬುಟ್ಟಿ ಇಳಿಸಿದವರ ಹೊಟ್ಟೆಪಾಡಿನ ಮಾತು, ‘ಪುನರ್ವಸತಿ’ ಅನ್ನೋ ಪದ, ದೇಶದ ಕಾನೂನಿನ ಹೆಸರಿನೊಳಗೆ ಬಂದದ್ದು 2013ರಲ್ಲಿ. ಅಷ್ಟು ವರ್ಷ ಬುಟ್ಟಿ ಹೊತ್ತವರು ಮ್ಯಾನ್‌ಹೋಲಿಗೆ ಇಳಿದು ಸತ್ತರು, ಈಗಲೂ ಸಾಯುತ್ತಿದ್ದಾರೆ. ಕೆಟ್ಟದ್ದನ್ನು ನಿಲ್ಲಿಸುವುದು ಧರ್ಮದ ಅರ್ಧ. ಅದನ್ನು ಹೊತ್ತಿದ್ದ ಕೈಗೆ ಬೇರೆ ಬದುಕು ಕೊಡೋದು ಇನ್ನರ್ಧ.

ಅದಕ್ಕೇ ನಮ್ಮ ಬೇಡಿಕೆ ಸರಳವಾಗಿದೆ. ನಮ್ಮ ಹೆಸರಲ್ಲಿ ಪಡೆದ 2028ರ, 2047ರ ವಾಯಿದೆಯ ಲೆಕ್ಕವನ್ನು ನಮ್ಮ ಮುಂದೆ ಇಡಿ. ಮೆಕ್ಯಾನಿಕ್ಕಿಗೆ ಕೂಲಿ ಸಹಿತ ತರಬೇತಿ, ಕೈಗೆ ಸಲಕರಣೆ, ಸೊಂಟಕ್ಕೆ ಹಗ್ಗ ಕೊಡಿ. ಹಳೇ ಫ್ರಿಜ್ಜು ಇಟ್ಟುಕೊಂಡವರಿಗೆ ಬದಲಿ ಕೊಡಿ. ಶೀಟಿನ ಮನೆಗಳಿಗೆ ಕಾವು ತಡೆಯುವ ಸೂರು, ಗಲ್ಲಿಗೆ ಮರ, ಕುಡಿಯೋಕೆ ನೀರು ಕೊಡಿ. ಅದಕ್ಕೆ ಯಾವ ಗ್ಯಾಸೂ ಬೇಕಾಗಿಲ್ಲ. ಹಳ್ಳಿಯ ಮೇಷ್ಟ್ರುಗಳು ಓಝೋನ್ ಪಾಠ ಮಾಡುವಾಗ ಈ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆಯಲಿ. ಮುಂದಿನ ಸಭೆಗೆ ಹೋಗಿ ‘ನಮ್ಮ ಬಡವರು’ ಎನ್ನುವ ಮಂತ್ರಿ ಯಾರೇ ಇರಲಿ, ಹೋಗೋ ಮುಂಚೆ ಒಂದು ಏಪ್ರಿಲ್ ಮಧ್ಯಾಹ್ನ ಜೋಗುಪಾಳ್ಯದ ಒಂದು ಶೀಟಿನ ಮನೆಯಲ್ಲಿ ಕೂತು ಹೋಗಲಿ.