ಜೀರ್ಣೋದ್ಧಾರವೂ ಹಳೆಯ ವಿಮಾನಗಳೂ

ಆನವಟ್ಟಿಗೆ ಅನತಿದೂರದ ಕುಬಟೂರಿನಲ್ಲಿ ಕೈಟಭೇಶ್ವರನ ಗುಡಿಯು ಸುಮಾರು 1100ನೆಯ ಇಸವಿಯಿಂದ ನಿಂತಿದೆ. ಬನವಾಸಿ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತಜೀರ್ಣೋದ್ಧಾರ’ವೆಂಬ ಮಾತು ಅಪರಿಚಿತವಲ್ಲ. ಒಡೆದುದನ್ನೂ ಬಿರಿದುದನ್ನೂ ಸವೆದುದನ್ನೂ ಸರಿಪಡಿಸಲೆಂದು, ಪೂಜೆ ನೈವೇದ್ಯಗಳಿಗೆ ಬಿಟ್ಟಂತೆಯೇ, ಭೂಮಿಯನ್ನು ಬಿಡುತ್ತಿದ್ದರು. ಕಟ್ಟುವುದರಲ್ಲಿ ಕೀರ್ತಿಯುಂಟು, ಕಾಪಾಡುವುದರಲ್ಲಿ ಬರಿಯ ವೆಚ್ಚವುಂಟು. ಆದುದರಿಂದಲೇ ಕಾಪಾಡುವುದನ್ನು ಪುಣ್ಯಕಾರ್ಯವೆಂದು ಸಾರಬೇಕಾಯಿತೇನೋ!

ಕಲ್ಲಿಗೆ ಸಲ್ಲುವ ಈ ಧರ್ಮವು ಹಾರುವ ಯಂತ್ರಕ್ಕೂ ಸಲ್ಲುವುದೆ? ಗುಡಿಯ ಕಂಬ ಬಿರಿದರೆ ಊರೆಗೋಲು ಕೊಟ್ಟು ನಿಲ್ಲಿಸಬಹುದು. ಆಕಾಶದಲ್ಲಿ ರೆಕ್ಕೆ ಬಿರಿದರೆ ಊರೆಗೋಲು ಕೊಡುವವರಾರು?

1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ‘ಪುಷ್ಪಕ’ವೆಂಬ ಚಿಕ್ಕ ವಿಮಾನವು ಸಿದ್ಧವಾಗಿ 1958ರಲ್ಲಿ ಮೊದಲು ಹಾರಿತು. ಇಬ್ಬರು ಮಗ್ಗುಲಾಗಿ ಕುಳಿತುಕೊಳ್ಳುವ, ಉಕ್ಕಿನ ಕೊಳವೆಗಳ ಹಂದರಕ್ಕೆ ಬಟ್ಟೆ ಹೊದಿಸಿದ ಈ ವಿಮಾನವು ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನಕ್ಕೆ ಹಾರಾಟದ ಓನಾಮ ಕಲಿಸಿತು. ಇಂಥ ಯಂತ್ರಕ್ಕೆ ಮುಪ್ಪು ಬರುವ ರೀತಿಯೇ ವಿಚಿತ್ರವಾದುದು. ಬಟ್ಟೆಯು ಬಿಸಿಲಿಗೆ ಬಲಗುಂದುವುದು. ಅದನ್ನು ಕಿತ್ತು ಹೊಸತನ್ನು ಹೊದಿಸಬಹುದು. ಎಂಜಿನ್ನನ್ನು ಗೊತ್ತಾದ ಗಂಟೆಗಳ ಬಳಿಕ ಪೂರ್ಣವಾಗಿ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಮರಳಿ ಜೋಡಿಸುವರು. ಆದರೆ ಕೊಳವೆಯೊಳಗೆ ತೇವ ಸೇರಿದರೆ, ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ತುಕ್ಕು ತಿನ್ನುತ್ತಿರುವುದು. ತೇರಿನ ಗಾಲಿ, ಅಚ್ಚುಗಳೆಲ್ಲ ಬದಲಾದರೂ ಊರಿನವರಿಗೆ ಅದು ಅಜ್ಜನ ಕಾಲದ ತೇರೇ. ಬದಲಾದ ಬಳಿಕವೂ ವಸ್ತು ಅದೇ ಹೌದೋ ಅಲ್ಲವೋ ಎಂಬ ತರ್ಕವನ್ನು ಪಂಡಿತರಿಗೆ ಬಿಡಬಹುದು. ಹ್ಯಾಂಗರಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಇದರ ಸ್ಥಿತಿಯನ್ನು ಕುರಿತು ಬರೆದಿಟ್ಟುದು ನಿಜವೆ?

ಏಕೆಂದರೆ ಹಾರಲು ಕಲಿಯುವ ಹುಡುಗನು ಯಂತ್ರವನ್ನು ನಂಬುವುದಿಲ್ಲ. ಲಾಗ್ ಪುಸ್ತಕದಲ್ಲಿ ರುಜು ಹಾಕಿದ ಮೆಕ್ಯಾನಿಕನನ್ನು ನಂಬುತ್ತಾನೆ. ಹಳೆಯ ಮಾದರಿಗೆ ಬಿಡಿಭಾಗಗಳು ಸಿಕ್ಕದಾದಾಗ, ನಿಂತುಹೋದ ಒಂದು ವಿಮಾನದಿಂದ ಕಳಚಿ ಇನ್ನೊಂದಕ್ಕೆ ತೊಡಿಸುವ ಪದ್ಧತಿಯುಂಟು. ಅದರಲ್ಲಿ ತಾನಾಗಿ ಪಾಪವೇನೂ ಇಲ್ಲ. ಆದರೆ ಭಾಗದೊಡನೆ ಅದರ ವಯಸ್ಸೂ ಬರುತ್ತದೆ. ಎಷ್ಟು ಗಂಟೆ ದುಡಿದಿತ್ತು, ಯಾರು ಪರೀಕ್ಷಿಸಿದರು ಎಂಬ ಬರಹವಿಲ್ಲದ ಭಾಗವು, ನೋಡಲು ಎಷ್ಟೇ ಚೊಕ್ಕವಾಗಿದ್ದರೂ, ಕುಲಗೋತ್ರ ತಿಳಿಯದ ವರನಂತೆ. (ಮದುವೆಯಲ್ಲಿ ಈ ವಿಚಾರಣೆ ಅತಿಯಾಯಿತೆನ್ನಬಹುದು, ವಿಮಾನದಲ್ಲಿ ಎಷ್ಟಾದರೂ ಸಾಲದು.) ಇಂಥದನ್ನು ತೊಡಿಸಿ ರುಜು ಹಾಕುವವನು ಜಿಪುಣತನಕ್ಕೆ ಮಾತ್ರವಲ್ಲ, ಸುಳ್ಳಿಗೂ ಗುರಿಯಾಗುವನು, ಆ ಸುಳ್ಳಿನ ದಂಡವನ್ನು ತೆರುವವನು ಬೇರೊಬ್ಬ.

ಸವೆತವೇ ಬೇರೆ, ಹುಟ್ಟುದೋಷವೇ ಬೇರೆ. ಬೆಂಗಳೂರಿನಲ್ಲಿಯೇ ಹುಟ್ಟಿ 1977ರಲ್ಲಿ ಮೊದಲು ಹಾರಿದ ‘ದೀಪಕ್’ ವಿಮಾನದಲ್ಲಿ ವಾಯುಸೇನೆಯ ಕಿರಿಯರು ಮೊದಲ ಪಾಠ ಕಲಿಯುತ್ತಿದ್ದರು. ಹಾರುತ್ತಿರುವಾಗಲೇ ಎಂಜಿನ್ ನಿಂತುಹೋಗುವುದು ಅದರ ಪೀಡೆ. ನಿಂತ ಮೇಲೆ ಬಹಳ ದೂರ ತೇಲಿಬರುವ ಶಕ್ತಿಯೂ ಅದಕ್ಕಿರಲಿಲ್ಲ. ವರ್ಷಗಟ್ಟಲೆ ತಿದ್ದುಪಡಿಗಳಾದುವು. 2009ರ ಜುಲೈ 31ರಂದು ಇಬ್ಬರು ಪೈಲಟ್ಟರು ಮಡಿದ ಬಳಿಕ ಆ ವಿಮಾನಗಳನ್ನೆಲ್ಲ ನಿಲ್ಲಿಸಿದರು. ಅವು ಪಾಠಕ್ಕೆ ಮರಳಲಿಲ್ಲ. ಮೂಲದಲ್ಲಿಯೇ ಕುಂದಿರುವಾಗ ಜೀರ್ಣೋದ್ಧಾರದ ಹೆಸರು ಹೇಳುವುದು ನಿರ್ಧಾರವನ್ನು ಮುಂದೂಡುವುದಕ್ಕೊಂದು ನೆಪವಾಗುವುದು.

ಹಾಗಾದರೆ ಸಂದೇಹ ಬಂದೊಡನೆ ನಿಲ್ಲಿಸುವುದೇ ಧರ್ಮವೆ? ಇಷ್ಟು ಸುಲಭವಾಗಿದ್ದರೆ ವಿಚಾರಮಾಡುವ ಅವಶ್ಯಕತೆಯೇ ಇರಲಿಲ್ಲ. ದೀಪಕ್ ನಿಂತಾಗ ಅದರ ಸ್ಥಾನಕ್ಕೆ ಬೇರೆ ವಿಮಾನ ಸಿದ್ಧವಿರಲಿಲ್ಲ. ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನಗಳು 2013ರಲ್ಲಿ ಬರುವ ತನಕ ಮೊದಲ ಪಾಠದ ಹೊರೆಯೂ ‘ಕಿರಣ್’ ಜೆಟ್ಟುಗಳ ಮೇಲೆ ಬಿದ್ದಿತು. 1964ರಲ್ಲಿ ಮೊದಲು ಹಾರಿದ ಮಾದರಿಯದು. ಎರಡನೆಯ ಹಂತದ ಪಾಠಕ್ಕೆಂದು ಕಾದಿರಿಸಿದ್ದ ಅವುಗಳ ಆಯುಷ್ಯದ ಗಂಟೆಗಳು, ಅದುವರೆಗೆ ಯಾವ ವಿಮಾನವನ್ನೂ ನಡೆಸಿರದ ಹುಡುಗರ ಕೈಯಲ್ಲಿ ಕರಗತೊಡಗಿದುವು.